ನಡುಗಡಲಿನ ದ್ವೀಪದಲ್ಲಿ ದುಡಿಮೆ ಮತ್ತು ವ್ಯಾಪಾರ

(ಶಾಲಾ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಶಾಲೆಯ ಓದು ಮುಗಿದ ಮೇಲೆ ಮಕ್ಕಳು ಎಲ್ಲಿಗೆ ಹೋಗಿ ಯಾವ ಕೆಲಸವನ್ನು ಹಿಡಿಯಬೇಕು ಎಂಬ ಚಿಂತೆ ಇಲ್ಲಿ ನೆರೆದಿರುವ ಪ್ರತಿಯೊಂದು ಮನೆಯಲ್ಲಿಯೂ ಇದೆಯಷ್ಟೆ. ನಮ್ಮ ಕಾಸರಗೋಡು ಸೀಮೆಯಿಂದ ಜನರು ಹಿಂದೆ ಮುಂಬಯಿಗೆ ಹೋದರು. ಅನಂತರ ಕೊಲ್ಲಿಯ ನಾಡುಗಳಿಗೆ ಹೋದರು. ಈಗ ಅದಕ್ಕಿಂತಲೂ ದೂರ ಹೋಗುತ್ತಿದ್ದಾರೆ. ಯಾರಾದರೂ ಹೀಗೆ ಹೊರಟು ನಿಂತಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಸಂಬಳ ಎಷ್ಟು?" ಈ ಪ್ರಶ್ನೆ ತಪ್ಪಲ್ಲ. ಸಂಸಾರ ನಡೆಯಬೇಕು, ಸಾಲ ತೀರಬೇಕು, ತಂಗಿಯ ಓದು ಸಾಗಬೇಕು. ಆದರೆ ಇದರ ಬೆನ್ನಿಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: "ಹೋದ ಊರಿಗೆ ನಮ್ಮಿಂದ ಆಗುವ ಉಪಯೋಗವೇನು?" ದೊಡ್ಡ ಪಟ್ಟಣದಲ್ಲಿ ಈ ಎರಡನೆಯ ಪ್ರಶ್ನೆಯನ್ನು ಮರೆತವನೂ ಹೇಗೋ ಬದುಕಿಕೊಳ್ಳುವನು. ಕಡಲಿನ ನಡುವಣ ಒಂದು ಪುಟ್ಟ ದ್ವೀಪದಲ್ಲಿ ಅದನ್ನು ಮರೆತವನಿಗೆ ನೆಲೆಯಿಲ್ಲ. ಆದುದರಿಂದ, ಪರಸ್ಥಳಕ್ಕೆ ಹೋಗಿ ದುಡಿಯುವುದು ಮತ್ತು ವ್ಯಾಪಾರ ಹೂಡುವುದು ಎಂದರೆ ಏನು ಎಂಬುದನ್ನು ಅಂತಹ ಒಂದು ದ್ವೀಪದ ನಿದರ್ಶನದಿಂದ ತಿಳಿದುಕೊಳ್ಳೋಣ. ಸಣ್ಣ ಕನ್ನಡಿಯಲ್ಲಿ ದೊಡ್ಡ ಆನೆಯೂ ಕಾಣುತ್ತದೆ.

ನಾವು ಆರಿಸಿಕೊಂಡಿರುವುದು ಸೇಂಟ್ ಹೆಲೀನಾ ಎಂಬ ದ್ವೀಪವನ್ನು. ವಿದ್ಯಾರ್ಥಿಗಳು ಭೂಪಟದಲ್ಲಿ ಆಫ್ರಿಕಾ ಖಂಡದ ಪಶ್ಚಿಮಕ್ಕೆ, ದಕ್ಷಿಣ ಅಟ್ಲಾಂಟಿಕ್ ಮಹಾಸಾಗರದ ನೀಲಿಯಲ್ಲಿ, ಸಾಸಿವೆ ಕಾಳಿನಷ್ಟು ಚುಕ್ಕೆಯೊಂದನ್ನು ಹುಡುಕಬೇಕು. ಅದರ ಮೇಲೆ ಎದ್ದು ಕಾಣುವ ಊರು ಯಾವುದೂ ಇಲ್ಲ. ಸುತ್ತಮುತ್ತ ಬೇರೆ ನೆಲವೂ ಇಲ್ಲ. ಆಫ್ರಿಕಾದ ಅತಿ ಹತ್ತಿರದ ಕರಾವಳಿಯೇ ಸುಮಾರು 1,900 ಕಿಲೋಮೀಟರು ದೂರ. ದ್ವೀಪದ ವಿಸ್ತೀರ್ಣ ಸುಮಾರು 122 ಚದರ ಕಿಲೋಮೀಟರು. 2021ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 4,400. ನಮ್ಮಲ್ಲಿ ಒಂದು ಜಾತ್ರೆಗೆ ಸೇರುವ ಜನ ಅದಕ್ಕಿಂತ ಹೆಚ್ಚು. ಇದು ಸ್ವತಂತ್ರ ದೇಶವಲ್ಲ. ಬ್ರಿಟನ್ನಿಗೆ ಸೇರಿದ ಸಾಗರೋತ್ತರ ಪ್ರದೇಶ. ರಾಜಧಾನಿಯ ಹೆಸರು ಜೇಮ್ಸ್‌ಟೌನ್. ಎರಡು ಕಡಿದಾದ ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಯಲ್ಲಿ ಅದು ಕಡಲಿನವರೆಗೆ ಇಳಿದುಬಂದಿದೆ. ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ 1815ರಿಂದ 1821ರಲ್ಲಿ ಸಾಯುವವರೆಗೆ ಸೆರೆಯಲ್ಲಿದ್ದುದು ಇಲ್ಲಿಯೇ. ಅವನನ್ನು ವಾಟರ್ಲೂ ಯುದ್ಧದಲ್ಲಿ ಸೋಲಿಸಿದ ವೆಲ್ಲೆಸ್ಲಿ ನಮ್ಮ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇದ್ದವನು. ಭಾರತದಿಂದ ಮರಳುವಾಗ 1805ರಲ್ಲಿ ಅವನೂ ಇದೇ ದ್ವೀಪದಲ್ಲಿ ಕೆಲವು ದಿನ ಇಳಿದುಕೊಂಡಿದ್ದನು.

ಆದರೆ ಚಕ್ರವರ್ತಿಗಳ ಕಥೆ ಇಂದಿನ ವಿಷಯವಲ್ಲ. ನಮಗೆ ಬೇಕಾದುದು ದುಡಿದು ತಿಂದವರ ಕಥೆ. ಅದು ಆರಂಭವಾಗುವುದು ಗೋವೆಯಿಂದ ಎಂದರೆ ನಿಮಗೆ ಆಶ್ಚರ್ಯವಾದೀತು.

1510ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲಶಾಹಿಯವರಿಂದ ಗೋವೆಯನ್ನು ಕಸಿದುಕೊಂಡರು. ಫೆರ್ನಾವ್ ಲೋಪೆಸ್ ಎಂಬ ಒಬ್ಬ ಪೋರ್ಚುಗೀಸ್ ಸಿಪಾಯಿ ತನ್ನವರನ್ನು ಬಿಟ್ಟು ಬಿಜಾಪುರದ ಪಕ್ಷವನ್ನು ಸೇರಿದನು. 1512ರಲ್ಲಿ ಅವನು ಸಿಕ್ಕಿಬಿದ್ದಾಗ ಗವರ್ನರ್ ಅಲ್ಬುಕರ್ಕನು ಜೀವವೊಂದನ್ನು ಉಳಿಸಿ, ಅವನ ಬಲಗೈಯನ್ನೂ ಎಡಗೈಯ ಹೆಬ್ಬೆರಳನ್ನೂ ಕಿವಿಮೂಗುಗಳನ್ನೂ ಕತ್ತರಿಸುವಂತೆ ಆಜ್ಞೆ ಮಾಡಿದನು. ಕೆಲವು ವರ್ಷಗಳ ತರುವಾಯ ಸ್ವದೇಶಕ್ಕೆ ಹೊರಟ ಆತನು, ಹಡಗು ಸಿಹಿನೀರಿಗಾಗಿ ಸೇಂಟ್ ಹೆಲೀನಾದಲ್ಲಿ ನಿಂತಾಗ, ಈ ಮುಖವನ್ನು ಹೊತ್ತು ಊರಿಗೆ ಹೇಗೆ ಹೋಗಲಿ ಎಂದುಕೊಂಡನೋ ಏನೋ, ಇಳಿದು ಕಾಡಿನಲ್ಲಿ ಅಡಗಿಕೊಂಡನು. ಆಗ ಆ ದ್ವೀಪದಲ್ಲಿ ಒಬ್ಬನೂ ವಾಸಿಸುತ್ತಿರಲಿಲ್ಲ. ಹಡಗಿನವರು ಅವನಿಗಾಗಿ ಆಹಾರವನ್ನು ದಡದಲ್ಲಿ ಬಿಟ್ಟುಹೋದರು. ಮುಂದೆ ಸುಮಾರು ಮೂವತ್ತು ವರ್ಷ ಅವನು ಅಲ್ಲಿ ಬಾಳಿದನು. ಒಂದು ಕೈಯಿಲ್ಲದ, ಇನ್ನೊಂದು ಕೈಯಲ್ಲಿ ನಾಲ್ಕೇ ಬೆರಳುಳ್ಳ ಆ ಮನುಷ್ಯನು ನೆಲ ಅಗೆದನು, ಹಣ್ಣಿನ ಗಿಡಗಳನ್ನು ನೆಟ್ಟನು, ಆಡು ಕೋಳಿಗಳನ್ನು ಸಾಕಿದನು. ಭಾರತದಿಂದ ಮರಳುವ ಹಡಗುಗಳು ತಿಂಗಳುಗಟ್ಟಲೆ ಪ್ರಯಾಣದಲ್ಲಿ ಹಣ್ಣು ತರಕಾರಿಗಳನ್ನು ಕಾಣದೆ ಬರುತ್ತಿದ್ದವು. ಆ ನಾವಿಕರಿಗೆ ಅವನ ತೋಟವೇ ಅಮೃತವಾಯಿತು. ನಡುವೆ ಒಮ್ಮೆ ಯೂರೋಪಿಗೆ ಹೋಗಿ ಅರಸನನ್ನೂ ಪೋಪರನ್ನೂ ಕಂಡುಬಂದನಂತೆ. ಬೇಕಾದುದನ್ನು ಕೇಳು ಎಂದಾಗ ಅವನು ಬೇಡಿದುದು ತನ್ನ ದ್ವೀಪಕ್ಕೆ ಮರಳುವ ಅಪ್ಪಣೆಯನ್ನು.

ಲೋಪೆಸನು ವ್ಯಾಪಾರಿಯಲ್ಲ. ಆದರೂ ವ್ಯಾಪಾರದ ಮೊದಲನೆಯ ಪಾಠ ಅವನ ಬಾಳಿನಲ್ಲಿಯೇ ಇದೆ. ಆ ದಾರಿಯಲ್ಲಿ ಹೋಗುವವರಿಗೆ ಏನು ಕೊರತೆಯಿತ್ತೋ ಅದನ್ನು ಅವನು ಬೆಳೆದನು. ತನಗೆ ಏನು ಬರುತ್ತದೆ ಎಂಬುದರಿಂದ ಅವನು ಆರಂಭಿಸಲಿಲ್ಲ. ಎದುರಿಗಿದ್ದವರಿಗೆ ಏನು ಬೇಕು ಎಂಬುದರಿಂದ ಆರಂಭಿಸಿದನು.

1659ರಲ್ಲಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಈ ದ್ವೀಪವನ್ನು ತನ್ನ ವಶಕ್ಕೆ ತೆಗೆದುಕೊಂಡು ಕೋಟೆ ಕಟ್ಟಿತು. 1834ರಲ್ಲಿ ಅದು ಬ್ರಿಟಿಷ್ ಅರಸೊತ್ತಿಗೆಗೆ ಸೇರಿತು. ಕಂಪನಿಯ ಕಾಲದಲ್ಲಿ ದ್ವೀಪದ ಕಸುಬು ಒಂದೇ: ಭಾರತ ಮತ್ತು ಚೀನದಿಂದ ಇಂಗ್ಲೆಂಡಿಗೆ ಹೋಗುವ ಹಡಗುಗಳಿಗೆ ನೀರು, ಮಾಂಸ, ತರಕಾರಿ ಒದಗಿಸುವುದು. ಈ ಸಮೃದ್ಧಿಯ ಹಿಂದೆ ಗುಲಾಮರ ಬೆವರೂ ಕಣ್ಣೀರೂ ಇದ್ದವೆಂಬುದನ್ನು ಮರೆಯಕೂಡದು. ಮಡಗಾಸ್ಕರದಿಂದ, ಆಫ್ರಿಕಾದಿಂದ, ನಮ್ಮ ಭಾರತದಿಂದಲೂ ಅವರನ್ನು ತಂದಿದ್ದರು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಚೀನದ ಕೂಲಿಗಳು ಬಂದರು. ಇವರೆಲ್ಲರ ಮತ್ತು ಇಂಗ್ಲಿಷ್ ನೆಲಸಿಗರ ಸಂತತಿಯೇ ಇಂದಿನ ದ್ವೀಪವಾಸಿಗಳು. ಅವರು ತಮ್ಮನ್ನು ಪ್ರೀತಿಯಿಂದ 'ಸೇಂಟರು' ಎಂದು ಕರೆದುಕೊಳ್ಳುತ್ತಾರೆ. ಆ ದ್ವೀಪದಲ್ಲಿ ಮೂಲನಿವಾಸಿಗಳೆಂಬವರು ಇರಲೇ ಇಲ್ಲ. ಎಲ್ಲರ ಹಿರಿಯರೂ ಒಂದಲ್ಲ ಒಂದು ದಿನ ಹಡಗಿನಿಂದ ಇಳಿದವರೇ, ಸ್ವಂತ ಇಚ್ಛೆಯಿಂದ ಕೆಲವರು, ಸಂಕೋಲೆಯಲ್ಲಿ ಹಲವರು.

1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಭಾರತದ ಹಡಗುಗಳಿಗೆ ಆಫ್ರಿಕಾವನ್ನು ಸುತ್ತುವ ಅಗತ್ಯವೇ ಉಳಿಯಲಿಲ್ಲ. ಜೊತೆಗೆ ಹಾಯಿಹಡಗು ಹೋಗಿ ಹೊಗೆಹಡಗು ಬಂದಿತು. 1855ರಲ್ಲಿ ಸುಮಾರು 1,100 ಹಡಗುಗಳು ಬಂದು ನಿಂತಿದ್ದ ಆ ರೇವಿನಲ್ಲಿ 1889ರಲ್ಲಿ ನಿಂತವು 288 ಮಾತ್ರ. ದ್ವೀಪದವರು ಯಾವ ಅಪರಾಧವನ್ನೂ ಮಾಡಿರಲಿಲ್ಲ, ಸೋಮಾರಿಗಳೂ ಆಗಿರಲಿಲ್ಲ. ಸಾವಿರಾರು ಮೈಲಿ ದೂರದಲ್ಲಿ ಯಾರೋ ಒಂದು ಕಾಲುವೆ ತೋಡಿದರು. ಇಲ್ಲಿ ಒಲೆ ಆರಿತು.

ಆಮೇಲೆ ಅವರು ಹಿಡಿದದ್ದು ನಾರಿನ ಉದ್ಯಮ. ನಮ್ಮಲ್ಲಿ ಕತ್ತಾಳೆಯಿಂದ ಹಗ್ಗ ಹೊಸೆಯುವಂತೆ, ನ್ಯೂಜಿಲೆಂಡಿನಿಂದ ತಂದ ಫ್ಲ್ಯಾಕ್ಸ್ ಎಂಬ ಉದ್ದೆಲೆಯ ಗಿಡದಿಂದ ನಾರು ತೆಗೆದು ಹುರಿ ಮಾಡುವುದು. 1907ರಲ್ಲಿ ಸರಕಾರವು ಒಂದು ಗಿರಣಿಯನ್ನು ಸ್ಥಾಪಿಸಿತು, ಇತರರೂ ಹಿಂಬಾಲಿಸಿದರು. ಗುಡ್ಡಗಳೆಲ್ಲ ಫ್ಲ್ಯಾಕ್ಸ್ ಗಿಡಗಳಿಂದ ತುಂಬಿದವು. ಬ್ರಿಟಿಷ್ ಅಂಚೆ ಇಲಾಖೆಯು ಕಾಗದದ ಕಟ್ಟುಗಳನ್ನು ಕಟ್ಟಲು ಈ ಹುರಿಯನ್ನು ಕೊಳ್ಳುತ್ತಿದ್ದಿತು. ಅರ್ಧ ಶತಮಾನ ಹೀಗೆ ನಡೆಯಿತು. 1960ರ ದಶಕದಲ್ಲಿ ಅಂಚೆ ಇಲಾಖೆ ಅಗ್ಗದ ಕೃತಕ ನೂಲಿಗೆ ತಿರುಗಿತು. 1966ರ ಹೊತ್ತಿಗೆ ಗಿರಣಿಗಳೆಲ್ಲ ಬಾಗಿಲು ಹಾಕಿದವು. ಗುಡ್ಡಗಳ ಮೇಲೆ ಆ ಗಿಡಗಳು ಇಂದಿಗೂ ಹಬ್ಬಿಕೊಂಡಿವೆ. ಸ್ಥಳೀಯ ಅಪೂರ್ವ ಸಸ್ಯಗಳಿಗೆ ಅವೇ ಈಗ ತೊಡಕಾಗಿವೆ.

ಮಕ್ಕಳೇ, ಈ ಎರಡು ಘಟನೆಗಳನ್ನು ಒಟ್ಟಿಗೆ ನೆನಪಿಡಿ. ಒಮ್ಮೆ ಹಡಗು, ಒಮ್ಮೆ ಹುರಿ. ಎರಡು ಸಲವೂ ಇಡೀ ಮನೆ ನಿಂತಿದ್ದುದು ಒಂದೇ ಕಂಬದ ಮೇಲೆ. ಆ ಕಂಬವಾದರೂ ತಮ್ಮ ಕೈಯಲ್ಲಿರಲಿಲ್ಲ. ಒಬ್ಬನೇ ಗಿರಾಕಿಯನ್ನು ನಂಬಿದ ವ್ಯಾಪಾರ, ಒಂದೇ ಬೆಳೆಯನ್ನು ನಂಬಿದ ಬೇಸಾಯ, ಒಂದೇ ದೇಶದ ಸಂಬಳವನ್ನು ನಂಬಿದ ಊರು, ಇವು ಮೂರಕ್ಕೂ ಇದೇ ಅಪಾಯವಿದೆ. ಅಡಕೆಯ ಧಾರಣೆ ಇಳಿದ ವರ್ಷ ನಮ್ಮ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನು ಬಲ್ಲ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು, ಈ ದಿನಗಳಲ್ಲಿ ಹೊರಗಿನವನೊಬ್ಬನು ಅಲ್ಲಿಗೆ ಹೋಗಿ ದುಡಿಯಬೇಕಾದರೆ ಪರಿಸ್ಥಿತಿ ಹೇಗಿದೆ ಎಂಬುದನ್ನು ನೋಡೋಣ.

ಮೊದಲು ದಾರಿ. 1990ರಿಂದ 2018ರವರೆಗೆ 'ಸೇಂಟ್ ಹೆಲೀನಾ' ಎಂಬ ಅಂಚೆಯ ಹಡಗೇ ದ್ವೀಪದ ಪ್ರಾಣನಾಡಿಯಾಗಿತ್ತು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಿಂದ ಐದಾರು ದಿನಗಳ ಪ್ರಯಾಣ. ಬ್ರಿಟನ್ನು 28.5 ಕೋಟಿ ಪೌಂಡುಗಳನ್ನು ವೆಚ್ಚಮಾಡಿ ಅಲ್ಲಿ ವಿಮಾನನಿಲ್ದಾಣವನ್ನು ಕಟ್ಟಿಸಿತು. 2016ರಲ್ಲಿ ತೆರೆಯಬೇಕಾಗಿದ್ದ ನಿಲ್ದಾಣ, ಬಂಡೆಗಳ ಅಂಚಿನಲ್ಲಿ ಗಾಳಿ ಒಮ್ಮೆಗೇ ದಿಕ್ಕು ಬದಲಿಸುವ ಕಾರಣದಿಂದ ದೊಡ್ಡ ವಿಮಾನಗಳಿಗೆ ಅಪಾಯಕರವೆಂದು ಕಂಡುಬಂದಿತು. ಕೊನೆಗೆ 2017ರ ಅಕ್ಟೋಬರ್ 14ರಂದು ಜೋಹಾನ್ಸ್‌ಬರ್ಗಿನಿಂದ ಸಣ್ಣ ವಿಮಾನವೊಂದು ಬಂದಿಳಿದು ನಿಯತ ಸಂಚಾರ ಆರಂಭವಾಯಿತು. ಸಾಮಾನ್ಯವಾಗಿ ವಾರಕ್ಕೊಮ್ಮೆ ವಿಮಾನ. ಸರಕನ್ನು ತರುವುದು ಕೆಲವು ವಾರಗಳಿಗೊಮ್ಮೆ ಬರುವ ಹಡಗು. ದ್ವೀಪದವರು ಉಣ್ಣುವ ಆಹಾರದ ಬಹುಭಾಗ, ಉರಿಸುವ ಎಣ್ಣೆ, ಕಟ್ಟುವ ಸಿಮೆಂಟು, ಎಲ್ಲವೂ ಹೊರಗಿನಿಂದಲೇ ಬರಬೇಕು.

ಈ ಒಂದು ಸಂಗತಿ ವ್ಯಾಪಾರದ ಲೆಕ್ಕವನ್ನೆಲ್ಲ ಹೇಗೆ ಬದಲಿಸುತ್ತದೆ ಎಂಬುದನ್ನು ನೋಡಲು ಒಂದು ಕಲ್ಪನೆಯ ಲೆಕ್ಕವನ್ನು ಮಾಡೋಣ. ಮೇಲಿನ ತರಗತಿಯ ಮಕ್ಕಳು ಜೊತೆಯಲ್ಲೇ ಗುಣಿಸಿಕೊಳ್ಳಿರಿ. ಅಲ್ಲಿ ನೀವು ಒಂದು ರೊಟ್ಟಿಯ ಭಟ್ಟಿಯನ್ನು ಹಾಕಿದಿರಿ ಎಂದಿಟ್ಟುಕೊಳ್ಳೋಣ. ಜನ 4,400, ಮನೆಗೆ ಮೂವರಂತೆ ಹಿಡಿದರೆ ಸುಮಾರು 1,500 ಮನೆಗಳು. ಐದರಲ್ಲಿ ಒಂದು ಮನೆ ದಿನವೂ ನಿಮ್ಮಲ್ಲಿ ಒಂದೊಂದು ರೊಟ್ಟಿಯನ್ನು ಕೊಂಡರೆ ದಿನಕ್ಕೆ 300 ರೊಟ್ಟಿ. ಇದು ನಿಮ್ಮ ಮಿತಿ. ದಿನಕ್ಕೆ ಸಾವಿರ ರೊಟ್ಟಿ ಸುಡುವ ಯಂತ್ರ ಅಗ್ಗದಲ್ಲಿ ಸಿಕ್ಕಿತೆಂದು ತಂದರೆ, ಉಳಿದ 700 ರೊಟ್ಟಿಗಳನ್ನು ಯಾರಿಗೆ ಮಾರುವಿರಿ? ಪಕ್ಕದ ಊರಿಗೆ ಕಳುಹಿಸೋಣವೆಂದರೆ ಪಕ್ಕದಲ್ಲಿ ಸಮುದ್ರವಲ್ಲದೆ ಊರಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅಲ್ಲಿ ದಿನನಿತ್ಯ ಅನುಭವಿಸಿ ತಿಳಿಯಬೇಕಾಗುತ್ತದೆ.

ಇನ್ನು ಹಿಟ್ಟು. ರೊಟ್ಟಿಗೆ 400 ಗ್ರಾಂ ಹಿಟ್ಟಿನಂತೆ ದಿನಕ್ಕೆ 120 ಕಿಲೋ ಬೇಕು. ಹಡಗು ತಡವಾದೀತೆಂದು 40 ದಿನಗಳಿಗೆ ಕೂಡಿಟ್ಟರೆ 4,800 ಕಿಲೋ. ಆ ಮೂಟೆಗಳಿಗೆ ಕೊಟ್ಟ ಹಣ ರೊಟ್ಟಿಯಾಗಿ ಮಾರಾಟವಾಗುವವರೆಗೆ ಗೋದಾಮಿನಲ್ಲಿ ಮಲಗಿರುತ್ತದೆ. ಮುಗ್ಗಲು ಹಿಡಿದರೆ, ಹುಳ ಬಿದ್ದರೆ, ಅದೂ ಇಲ್ಲ. ಭಟ್ಟಿಯ ಒಂದು ಬಿಡಿಭಾಗ ಮುರಿದರೆ ಮರುದಿನ ಪೇಟೆಗೆ ಹೋಗಿ ತರುವಂತಿಲ್ಲ. ಮುಂದಿನ ಹಡಗನ್ನು ಕಾಯಬೇಕು. ಆದುದರಿಂದ ಅಲ್ಲಿ ವ್ಯಾಪಾರ ಮಾಡುವವನಿಗೆ ಯಂತ್ರ ಕೊಳ್ಳುವ ಬಂಡವಾಳ ಸಾಲದು, ಕಾಯುವ ಬಂಡವಾಳವೂ ಬೇಕು. ಹಾಗೆಯೇ ತನ್ನ ಯಂತ್ರವನ್ನು ತಾನೇ ಬಿಚ್ಚಿ ಜೋಡಿಸುವ ಕೈಯೂ ಬೇಕು. ಹತ್ತು ಕೆಲಸ ಬಲ್ಲವನಿಗೆ ಅಲ್ಲಿ ಮರ್ಯಾದೆ. ಒಂದನ್ನೇ ಬಲ್ಲೆನೆಂದು ಕುಳಿತವನಿಗೆ ವಾರದಲ್ಲಿ ಎರಡು ದಿನ ಮಾತ್ರ ಕೆಲಸ.

ಎರಡನೆಯದು ಕಾನೂನು. ಹೊರಗಿನವನು ಬಂದೊಡನೆ ಅಂಗಡಿ ತೆರೆಯುವಂತಿಲ್ಲ. ಉಳಿದುಕೊಳ್ಳಲು ಮತ್ತು ಕೆಲಸ ಮಾಡಲು ಪರವಾನಗಿ ಬೇಕು. ಭೂಮಿಯನ್ನು ಕೊಳ್ಳಬೇಕಾದರೆ ಅದಕ್ಕಾಗಿಯೇ ಬೇರೆ ಅನುಮತಿಪತ್ರ ಬೇಕು. ಇದನ್ನು ಕೇಳಿ ಕೆಲವರು ಬೇಸರಪಟ್ಟಾರು. ಆದರೆ ಯೋಚಿಸಿ ನೋಡಿರಿ: ಇರುವುದೇ 122 ಚದರ ಕಿಲೋಮೀಟರು, ಅದರಲ್ಲಿಯೂ ಬಹುಪಾಲು ಬೋಳು ಬಂಡೆ ಮತ್ತು ಕಡಿದಾದ ಇಳಿಜಾರು. ಹಣವುಳ್ಳವರು ನಾಲ್ಕು ಮಂದಿ ಬಂದು ಒಳ್ಳೆಯ ನೆಲವನ್ನೆಲ್ಲ ಕೊಂಡರೆ ಅಲ್ಲಿ ಹುಟ್ಟಿದ ಮಗು ಎಲ್ಲಿ ಮನೆ ಕಟ್ಟೀತು? ಅಲ್ಲಿಯ ನಾಣ್ಯವೂ ಬೇರೆ. ಸೇಂಟ್ ಹೆಲೀನಾದ ಪೌಂಡಿಗೆ ಬ್ರಿಟಿಷ್ ಪೌಂಡಿನಷ್ಟೇ ಬೆಲೆಯಿದ್ದರೂ ಅಲ್ಲಿಯ ನೋಟು ಆ ಪ್ರದೇಶವನ್ನು ದಾಟಿದರೆ ಚಲಾವಣೆಯಾಗದು. ದ್ವೀಪದ ತನ್ನದೇ ಬ್ಯಾಂಕು 2004ರಲ್ಲಿ ಆರಂಭವಾಯಿತು. ಊರಿಗೆ ಹಣ ಕಳುಹಿಸುವ ಮೊದಲು ಇವನ್ನೆಲ್ಲ ವಿಚಾರಿಸಿ ತಿಳಿದವನೇ ಜಾಣ.

ಮೂರನೆಯದು ಸಂಬಳ. ಇದು ಸ್ವಲ್ಪ ಸೂಕ್ಷ್ಮವಾದ ವಿಷಯ. ದ್ವೀಪದ ಸರಕಾರದ ವೆಚ್ಚದಲ್ಲಿ ದೊಡ್ಡ ಪಾಲನ್ನು ಬ್ರಿಟನ್ನು ಭರಿಸುತ್ತದೆ. ವೈದ್ಯರು, ಅಧ್ಯಾಪಕರು, ಇಂಜಿನಿಯರುಗಳು ಮೊದಲಾದವರನ್ನು ಕೆಲವು ವರ್ಷಗಳ ಒಪ್ಪಂದದ ಮೇಲೆ ಹೊರಗಿನಿಂದ ಕರೆಸುವರು. ಅವರಿಗೆ ಹೊರಗಿನ ಮಾರುಕಟ್ಟೆಗೆ ತಕ್ಕ ಸಂಬಳ; ಸ್ಥಳೀಯರಿಗೆ ಸ್ಥಳೀಯ ಸಂಬಳ. ಇವೆರಡರ ಅಂತರ ಬಹಳ. ಒಂದೇ ಕಚೇರಿಯಲ್ಲಿ, ಒಂದೇ ಮೇಜಿನ ಎರಡು ಬದಿಗಳಲ್ಲಿ ಕುಳಿತವರ ನಡುವೆ ಇಂತಹ ಅಂತರವಿದ್ದಾಗ ಮನಸ್ಸುಗಳಲ್ಲಿ ಏನಾಗುತ್ತದೆ ಎಂಬುದನ್ನು ಊಹಿಸಬಹುದು. ಬಂದವನು ಮೂರು ವರ್ಷ ಇದ್ದು, ಕೆಲಸವನ್ನು ಕಲಿಯುವಷ್ಟರಲ್ಲಿ ಹೊರಟುಹೋಗುವನು. ಮತ್ತೊಬ್ಬನು ಬಂದು ಮೊದಲಿನಿಂದ ಆರಂಭಿಸುವನು. ಉಳಿದುಕೊಳ್ಳುವ ಸ್ಥಳೀಯನು ಇಬ್ಬರಿಗೂ ದಾರಿ ತೋರಿಸುತ್ತ ಅಲ್ಲಿಯೇ ಇರುವನು.

ಇದರ ಇನ್ನೊಂದು ಮುಖವೂ ಇದೆ. ಹೊರಗಿನವರು ಒಳಗೆ ಬರುತ್ತಿರುವಾಗಲೇ ದ್ವೀಪದ ಮಕ್ಕಳು ಹೊರಗೆ ಹೋಗುತ್ತಿದ್ದಾರೆ. ಅಸೆನ್ಶನ್ ದ್ವೀಪಕ್ಕೆ, ಫಾಕ್‌ಲೆಂಡ್ ದ್ವೀಪಗಳಿಗೆ, ಬ್ರಿಟನ್ನಿಗೆ. 1981ರ ಬ್ರಿಟಿಷ್ ಪೌರತ್ವ ಕಾನೂನು ಬ್ರಿಟನ್ನಿನಲ್ಲಿ ನೆಲಸುವ ಹಕ್ಕಿಲ್ಲದವರ ಸಾಲಿಗೆ ಅವರನ್ನು ಸೇರಿಸಿತ್ತು. ಪೂರ್ಣ ಪೌರತ್ವ ಮತ್ತೆ ದೊರೆತುದು 2002ರಲ್ಲಿ. ಬಾಗಿಲು ತೆರೆದೊಡನೆ ತರುಣರು ಅನೇಕರು ಹೊರಟರು. ಅಜ್ಜ ಅಜ್ಜಿಯರು ಮೊಮ್ಮಕ್ಕಳನ್ನು ಸಾಕುತ್ತ ಉಳಿದರು. ತಂದೆತಾಯಿ ದೂರದಲ್ಲಿ ದುಡಿದು ಹಣ ಕಳುಹಿಸುವುದು, ಮಗು ದೊಡ್ಡವರ ಮಡಿಲಲ್ಲಿ ಬೆಳೆಯುವುದು, ಇದು ನಮ್ಮ ಸಭೆಯಲ್ಲಿರುವ ಎಷ್ಟೋ ಮನೆಗಳ ಕಥೆಯೂ ಅಲ್ಲವೆ? ಎಲ್ಲೋ ಅಟ್ಲಾಂಟಿಕ್ಕಿನ ಬಂಡೆಯ ಮೇಲೆಯೂ ಸಂಜೆಯ ಹೊತ್ತಿಗೆ ಇದೇ ಹಾದಿ ಕಾಯುವ ಕಣ್ಣುಗಳಿವೆ.

ಹೀಗಿರುವುದರಿಂದ, ಅಲ್ಲಿಗೆ ಹೋಗಿ ವ್ಯಾಪಾರ ಹೂಡುವವನ ಮುಂದೆ ಎರಡು ದಾರಿಗಳಿವೆ. ಸ್ಥಳೀಯನೊಬ್ಬನು ಆಗಲೇ ಮಾಡುತ್ತಿರುವ ಕೆಲಸವನ್ನು ಹೆಚ್ಚು ಹಣ ಸುರಿದು ಅವನಿಂದ ಕಿತ್ತುಕೊಳ್ಳುವುದು ಒಂದು. ಅಲ್ಲಿಲ್ಲದುದನ್ನು ತಂದು, ಸ್ಥಳೀಯರನ್ನು ಕೂಡಿಸಿಕೊಂಡು, ಅವರ ಮಕ್ಕಳು ಊರಿನಲ್ಲಿಯೇ ನಿಲ್ಲುವಂತೆ ಒಂದು ದುಡಿಮೆಯನ್ನು ಹುಟ್ಟಿಸುವುದು ಇನ್ನೊಂದು. ಮೊದಲನೆಯದರಲ್ಲಿ ನಾಲ್ಕು ದಿನ ಲಾಭವಿದ್ದೀತು. 4,400 ಜನರ ಊರಿನಲ್ಲಿ ಐದನೆಯ ದಿನ ಯಾರೂ ಅಂಗಡಿಗೆ ಬಾರರು.

ಎರಡನೆಯ ದಾರಿಗೆ ಅಲ್ಲಿ ಅವಕಾಶಗಳಿಲ್ಲದೆ ಇಲ್ಲ. ಕಾಫಿಯನ್ನೇ ನೋಡಿರಿ. ನಮ್ಮ ಬಾಬಾಬುಡನ್‌ಗಿರಿಗೆ ಕಾಫಿಯ ಬೀಜ ಯೆಮನಿನಿಂದ ಬಂದಿತೆಂಬ ಐತಿಹ್ಯವನ್ನು ನೀವು ಕೇಳಿದ್ದೀರಿ. ಅದೇ ಯೆಮನಿನ ಮೋಕಾ ರೇವಿನಿಂದ 1733ರಲ್ಲಿ ಸೇಂಟ್ ಹೆಲೀನಾಕ್ಕೂ ಬೀಜ ಹೋಯಿತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಆ ಕಾಫಿಗೆ ಬಹುಮಾನ ಸಂದಿತು. ಬೆಳೆಯುವ ಪ್ರಮಾಣ ಅತ್ಯಲ್ಪ. ಹಾಗಾಗಿ ತೂಕದಲ್ಲಿ ಯಾರೊಡನೆಯೂ ಸ್ಪರ್ಧಿಸಲಾರದು. ಆದರೆ ಗುಣದಿಂದಲೂ ಹೆಸರಿನಿಂದಲೂ ಅದಕ್ಕೆ ದುಬಾರಿ ಬೆಲೆ ಬರುತ್ತದೆ. ಸಾಗಣೆಯ ವೆಚ್ಚ ಹೆಚ್ಚಿರುವ ದೂರದ ಊರಿನಿಂದ ಹಗುರವಾದ, ಬೆಲೆಬಾಳುವ ವಸ್ತುವನ್ನು ಕಳುಹಿಸಬೇಕೇ ಹೊರತು ಭಾರವಾದ ಅಗ್ಗದ ವಸ್ತುವನ್ನಲ್ಲ ಎಂಬ ಅರ್ಥಶಾಸ್ತ್ರ ಇದರಲ್ಲಿದೆ. ಅಲ್ಲಿಯ ಜೇನುನೊಣಗಳನ್ನು, ಪ್ರಪಂಚದ ಬಹುಭಾಗದ ಜೇನುಸಾಕಣೆಯನ್ನು ಪೀಡಿಸುತ್ತಿರುವ ವರೋವಾ ಎಂಬ ಉಣ್ಣೆ ಇನ್ನೂ ಮುಟ್ಟಿಲ್ಲ. ಟ್ಯೂನಾ ಮೀನನ್ನು ಬಲೆ ಬೀಸಿ ಬಾಚದೆ ಗಾಳದಿಂದ ಒಂದೊಂದಾಗಿ ಹಿಡಿಯುವುದು ಅಲ್ಲಿಯ ಪದ್ಧತಿ. ಕಡಲನ್ನು ಬರಿದು ಮಾಡದ ಈ ಮೀನುಗಾರಿಕೆಗೆ ತನ್ನದೇ ಆದ ಮಾನವಿದೆ.

ಪ್ರವಾಸೋದ್ಯಮದ ಮೇಲೆ ದೊಡ್ಡ ಭರವಸೆಯಿತ್ತು. ವಿಮಾನ ಬಂದರೆ ಜನ ಬರುವರೆಂದು ಅನೇಕರು ವಸತಿಗೃಹಗಳನ್ನು ಸಜ್ಜುಗೊಳಿಸಿದರು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಅಷ್ಟರಲ್ಲಿ 2020ರಲ್ಲಿ ಕೊರೋನಾ ವ್ಯಾಧಿ ಪ್ರಪಂಚವನ್ನು ಕವಿಯಿತು. ಒಂದೇ ಆಸ್ಪತ್ರೆಯಿರುವ ದ್ವೀಪವು ಬಾಗಿಲನ್ನು ಭದ್ರಪಡಿಸಿಕೊಂಡಿತು. ಬಂದವರನ್ನು ಪ್ರತ್ಯೇಕವಾಗಿರಿಸುವ ನಿಯಮವನ್ನು ತೆಗೆದುದು 2022ರ ಆಗಸ್ಟಿನಲ್ಲಿ. ಜೀವ ಉಳಿಯಿತು, ವ್ಯಾಪಾರ ಸೊರಗಿತು. ಒಂಟಿ ಕಂಬದ ಪಾಠವನ್ನು ದ್ವೀಪವು ಮೂರನೆಯ ಸಲ ಓದಬೇಕಾಯಿತು.

ಹೊಸ ದಾರಿಯೊಂದು ಕಡಲಿನ ತಳದಿಂದ ಬಂದಿದೆ. ಆ ದ್ವೀಪಕ್ಕೆ ಮೊಬೈಲ್ ದೂರವಾಣಿ ಬಂದುದೇ 2015ರಲ್ಲಿ. 2021ರ ಆಗಸ್ಟಿನಲ್ಲಿ ಯೂರೋಪು ಮತ್ತು ದಕ್ಷಿಣ ಆಫ್ರಿಕಾಗಳನ್ನು ಜೋಡಿಸುವ ಈಕ್ವಿಯಾನೋ ಎಂಬ ಸಮುದ್ರತಂತಿಯ ಕವಲೊಂದನ್ನು ಅಲ್ಲಿಯ ದಡಕ್ಕೆ ಎಳೆದು ತಂದರು. 2023ರ ಅಕ್ಟೋಬರಿನಿಂದ ಅದರ ಮೂಲಕ ವೇಗದ ಇಂಟರ್ನೆಟ್ ದೊರೆಯಿತು. ಲೆಕ್ಕಪತ್ರ, ನಕ್ಷೆ, ಬರವಣಿಗೆ, ಬೋಧನೆ, ಇವಕ್ಕೆ ಹಡಗು ಬೇಕಿಲ್ಲ, ಗೋದಾಮೂ ಬೇಕಿಲ್ಲ. ದ್ವೀಪದ ತರುಣಿಯೊಬ್ಬಳು ಮನೆಯಲ್ಲಿಯೇ ಕುಳಿತು ದೂರದ ದೇಶಕ್ಕೆ ದುಡಿಯುವುದು ಈಗ ಸಾಧ್ಯ. ಹೊರಗಿನಿಂದ ಹೋಗುವವನು ಇಂತಹ ವಿದ್ಯೆಯನ್ನು ಅಲ್ಲಿಯ ನಾಲ್ಕು ಜನರಿಗೆ ಕಲಿಸಿಕೊಟ್ಟರೆ ಅದಕ್ಕಿಂತ ಒಳ್ಳೆಯ ಬಂಡವಾಳ ಬೇರೊಂದಿಲ್ಲ.

ನಾಲ್ಕನೆಯದು ನಡತೆ. ಅಲ್ಲಿ ಒಬ್ಬರನ್ನೊಬ್ಬರು ಅರಿಯದವರಿಲ್ಲ. ಬೆಟ್ಟದ ಇಕ್ಕಟ್ಟಾದ ರಸ್ತೆಗಳಲ್ಲಿ ಏರಿ ಬರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕು. ಎದುರಾದ ಪ್ರತಿಯೊಬ್ಬ ಚಾಲಕನೂ ಕೈಯೆತ್ತಿ ವಂದಿಸುವುದು ವಾಡಿಕೆ. ಕೈಯೆತ್ತದೆ ಹೋದವನ ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟಿರುತ್ತದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೆ ಎಂಬ ನಮ್ಮ ಗಾದೆಯನ್ನು ಆ ದ್ವೀಪಕ್ಕಾಗಿಯೇ ಕಟ್ಟಿದಂತಿದೆ. ಒಮ್ಮೆ ತೂಕದಲ್ಲಿ ಮೋಸ ಮಾಡಿ, ಒಮ್ಮೆ ಕೂಲಿ ಕೊಡದೆ, ಒಮ್ಮೆ ಸ್ಥಳೀಯರ ಇಂಗ್ಲಿಷಿನ ಉಚ್ಚಾರಣೆಯನ್ನು ನೋಡಿ ನಕ್ಕು, ಅನಂತರ ಬೇರೆ ಬೀದಿಯಲ್ಲಿ ಹೊಸ ಹೆಸರಿನಿಂದ ಅಂಗಡಿ ತೆರೆಯೋಣವೆಂದರೆ ಅಲ್ಲಿ ಬೇರೆ ಬೀದಿಯೇ ಇಲ್ಲ. ಪಟ್ಟಣದ ವ್ಯಾಪಾರಿಗೆ ಪ್ರಾಮಾಣಿಕತೆ ಒಂದು ಗುಣ. ದ್ವೀಪದ ವ್ಯಾಪಾರಿಗೆ ಅದು ಬಂಡವಾಳ.

ಕಷ್ಟಗಳನ್ನು ಮುಚ್ಚಿಟ್ಟು ಮಾತನಾಡುವುದು ಹಿರಿಯರಿಗೆ ತಕ್ಕುದಲ್ಲ. ದೂರದ ಬೆಟ್ಟ ನುಣ್ಣಗೆ. ಕಠಿನ ರೋಗ ಬಂದರೆ ರೋಗಿಯನ್ನು ದಕ್ಷಿಣ ಆಫ್ರಿಕಾಕ್ಕೆ ಸಾಗಿಸಬೇಕು. ವಿಶ್ವವಿದ್ಯಾಲಯವಿಲ್ಲ, ಹೆಚ್ಚಿನ ಓದಿಗೆ ಹೊರಗೆ ಹೋಗಬೇಕು. ಊರಿನಲ್ಲಿ ತಾಯಿ ಹಾಸಿಗೆ ಹಿಡಿದ ಸುದ್ದಿ ಬಂದರೆ ಮುಂದಿನ ವಿಮಾನದ ದಿನಕ್ಕಾಗಿ ಕಾಯಬೇಕು, ಮೋಡ ಕವಿದು ವಿಮಾನ ಇಳಿಯದಿದ್ದರೆ ಇನ್ನೂ ಕಾಯಬೇಕು. ಹೆಚ್ಚಿನ ಸಂಬಳದ ಲೆಕ್ಕವನ್ನು ಬರೆಯುವ ಪುಸ್ತಕದಲ್ಲಿ ಈ ಖರ್ಚನ್ನೂ ಬರೆಯತಕ್ಕದ್ದು. ಹೋಗುವ ಮಗನೂ ಮಗಳೂ ಬರೆಯಬೇಕು, ಕಳುಹಿಸುವ ತಂದೆತಾಯಿಗಳೂ ಬರೆಯಬೇಕು. ಎರಡೂ ಪುಸ್ತಕಗಳನ್ನು ಒಟ್ಟಿಗೆ ತೆರೆದು ನೋಡಿ, ಮಾತನಾಡಿ, ಆಮೇಲೆ ನಿರ್ಧರಿಸಬೇಕು.

ಹಾಗಾದರೆ ಇಂತಹ ಊರಿಗೆ ಹೋಗಬೇಕೆ, ಬೇಡವೆ? ನಾವು ಯಾರನ್ನೂ ಹೊರಡಿಸಲು ಬಂದವರಲ್ಲ, ತಡೆಯಲು ಬಂದವರೂ ಅಲ್ಲ. ನಾವು ಹೇಳುವುದು ಇಷ್ಟೆ: ಎಲ್ಲಿಗೇ ಹೋಗಲಿ, ಆ ಊರನ್ನು ಗಣಿಯೆಂದು ತಿಳಿದು ಹೋಗಬೇಡಿರಿ, ಮನೆಯೆಂದು ತಿಳಿದು ಹೋಗಿರಿ. ಗಣಿಯಿಂದ ತೆಗೆದುಕೊಳ್ಳುವುದಷ್ಟೇ ಉಂಟು. ಮನೆಗೆ ಕೊಡುವುದೂ ಉಂಟು.

ಗಡಿನಾಡಿನ ಮಕ್ಕಳಿಗೆ ಇದನ್ನು ಹೇಳುವಾಗ ನಮಗೊಂದು ಧೈರ್ಯವಿದೆ. ನಾವು ಇಲ್ಲಿಗೆ ವಲಸೆ ಬಂದವರಲ್ಲ, ತಲೆತಲಾಂತರದಿಂದ ಇಲ್ಲಿಯವರೇ. ಆದರೂ ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಒಂದು, ಕಚೇರಿಯಲ್ಲಿ ಮತ್ತೊಂದು ಎಂಬ ಬಾಳು ನಮಗೆ ಬಾಲ್ಯದಿಂದ ರೂಢಿ. ಕನ್ನಡ, ತುಳು, ಮಲೆಯಾಳಗಳನ್ನು ಒಂದೇ ದಿನದಲ್ಲಿ ಆಡುವ ಮಗುವಿಗೆ, ತನ್ನದನ್ನು ಬಿಡದೆ ನೆರೆಯವನದನ್ನು ಗೌರವಿಸುವುದು ಹೇಗೆಂದು ಯಾರೂ ಪುಸ್ತಕದಿಂದ ಕಲಿಸಬೇಕಾಗಿಲ್ಲ. ಪರಸ್ಥಳದಲ್ಲಿ ಬಾಳುವವನಿಗೆ ಬೇಕಾದ ಮೊದಲನೆಯ ವಿದ್ಯೆ ಇದೇ. ಇದರ ಜೊತೆಗೆ ಶಾಲೆಯಲ್ಲಿ ಲೆಕ್ಕವನ್ನು ಚೆನ್ನಾಗಿ ಕಲಿಯಿರಿ. ರೊಟ್ಟಿಯ ಭಟ್ಟಿಯ ಲೆಕ್ಕದಲ್ಲಿ ಗುಣಾಕಾರ ಭಾಗಾಕಾರಗಳಿಗಿಂತ ಹೆಚ್ಚಿನದೇನೂ ಇರಲಿಲ್ಲವೆಂಬುದನ್ನು ಗಮನಿಸಿರಿ. ಕೈಕೆಲಸವೊಂದನ್ನು ಕಲಿಯಿರಿ; ಸೈಕಲ್ ಕೆಟ್ಟರೆ ತಾನೇ ಬಿಚ್ಚಿ ನೋಡುವ ಹುಡುಗಿಯನ್ನು ಬೈಯಬೇಡಿ ಎಂದು ತಾಯಂದಿರಲ್ಲಿ ನಮ್ಮ ಪ್ರಾರ್ಥನೆ. ಭೂಪಟವನ್ನು ಓದುವುದನ್ನು ಕಲಿಯಿರಿ. ಸೂಯೆಜಿನಲ್ಲಿ ತೋಡಿದ ಕಾಲುವೆ ಎಲ್ಲಿಯ ಒಲೆಯನ್ನು ಆರಿಸೀತೆಂಬುದು ಅದರಲ್ಲಿ ಕಾಣುತ್ತದೆ. ಮಾತಿಗೆ ತಪ್ಪದಿರುವುದನ್ನು ಕಲಿಯಿರಿ.

ಪೋಷಕರಲ್ಲಿ ಒಂದು ಮಾತು. ನಿಮ್ಮ ಮಕ್ಕಳು ದೂರ ಹೋದರೆ, ಅವರು ಕಳುಹಿಸಿದ ಹಣದಿಂದ ಊರಿನಲ್ಲಿ ದೊಡ್ಡ ಮನೆ ಏಳುವುದು ಸಂತೋಷವೇ ಸರಿ. ಆದರೆ ಫೋನಿನಲ್ಲಿ ಮಾತನಾಡುವಾಗ "ಎಷ್ಟು ಕಳುಹಿಸುವೆ?" ಎಂಬುದರ ಜೊತೆಗೆ "ಅಲ್ಲಿಯ ಜನ ಹೇಗಿದ್ದಾರೆ? ನಿನ್ನನ್ನು ತಮ್ಮವನೆಂದು ಕಾಣುತ್ತಾರೆಯೆ?" ಎಂದೂ ಕೇಳಿರಿ. ಆ ಎರಡನೆಯ ಪ್ರಶ್ನೆಗೆ ಒಳ್ಳೆಯ ಉತ್ತರ ಬಂದರೆ ಮಗುವಿನ ಬಗ್ಗೆ ನಿಶ್ಚಿಂತರಾಗಿರಬಹುದು.

 ಈ ಶಾಲೆಯ ಮಕ್ಕ​ಳು ಯಾವ ಕಡಲನ್ನು ದಾಟಿದರೂ ಆ ದಡದವರು ಅವರು ಬಂದುದು ಒಳ್ಳೆಯದಾಯಿತೆಂದು ಹೇಳುವಂತಾಗಲಿ.